ಸ್ತನ ಕ್ಯಾನ್ಸರ್: ಹೊಸ ಔಷಧಿಗಳ ಸುದ್ದಿಯೂ ಕೋಲಾರದ ರಿಪೋರ್ಟೂ

ಎರಡು ವರ್ಷಗಳಿಂದ ಸ್ತನ ಕ್ಯಾನ್ಸರ್ ಬಗ್ಗೆ ಬಂದಿರುವ ಸುದ್ದಿಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ತಲೆ ಕೆಡುತ್ತದೆ. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆಯಿತು. ಅವುಗಳಲ್ಲಿ ಒಂದು ಸ್ತನ ಕ್ಯಾನ್ಸರಿನದು, ಹೆಸರು ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಮನೆ ಮನೆಗೆ ಹೋಗಿ ತಪಾಸಣೆ ಮಾಡುವ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ ಕೋಲಾರದಲ್ಲಿ ಶುರುವಾಯಿತು. 2025ರಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ತೆರೆಯಲಾಯಿತು. ಇವುಗಳ ನಡುವೆ ಆಗಾಗ ಇನ್ನೊಂದು ಬಗೆಯ ಸುದ್ದಿ ಬರುತ್ತಲೇ ಇರುತ್ತದೆ: ಯಾವುದೋ ದೇಶದ ವಿಜ್ಞಾನಿಗಳು ಯಾವುದೋ ರಿಸೆಪ್ಟರ್‌ಗೆ ತಡೆ ಹಾಕಿದರಂತೆ, ಗಡ್ಡೆ ಬೆಳೆಯುವುದೂ ಹರಡುವುದೂ ನಿಧಾನವಾಯಿತಂತೆ.

ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಮನೆಯ ಹೆಂಗಸರೊಬ್ಬರಿಗೆ ಎದೆಯಲ್ಲಿ ಗಂಟು ಇದೆ ಅಂದುಕೊಳ್ಳಿ. ಆ ಮನೆಯವರು ಈ ಸುದ್ದಿಗಳನ್ನು ಓದಿ ಕೇಳುವುದು ಒಂದೇ ಮಾತು: ಇದು ನಮ್ಮವರಿಗೆ ಆಗುತ್ತಾ? ಇದಕ್ಕೆ ಉತ್ತರ ಔಷಧಿಯ ಹೆಸರಿನಲ್ಲಿ ಸಿಗುವುದಿಲ್ಲ. ರೋಗಿಯ ಬಯಾಪ್ಸಿ ರಿಪೋರ್ಟಿನ ಮೂರು ಸಾಲಿನಲ್ಲಿದೆ. ಆ ಮೂರು ಸಾಲು ಸರಿಯಾಗಿ, ಸಮಯಕ್ಕೆ ಬಂದರೆ ನಾಲ್ಕಾರು ರೂಪಾಯಿ ಮಾತ್ರೆಯೂ ಪ್ರಾಣ ಉಳಿಸಬಹುದು. ತಪ್ಪಾಗಿ ಬಂದರೆ ಲಕ್ಷ ರೂಪಾಯಿ ಔಷಧಿಯೂ ದಂಡ. ಸುಂಕ, ಯೋಜನೆ, ಸಂಶೋಧನೆ ಎಲ್ಲವನ್ನೂ ಈ ಮೂರು ಸಾಲಿನ ಮೂಲಕವೇ ನೋಡಬೇಕಾಗುತ್ತದೆ.

ರಿಸೆಪ್ಟರ್ ಮಾಡುವ ಕೆಲಸ

ದೇಹದ ಜೀವಕೋಶ ತನ್ನಷ್ಟಕ್ಕೆ ತಾನೇ ಬೆಳೆಯುವುದಿಲ್ಲ. "ಈಗ ಬೆಳಿ" ಎಂಬ ಸಂದೇಶ ಹೊರಗಿನಿಂದ ಬರಬೇಕು. ಆ ಸಂದೇಶ ಹಿಡಿಯುವ ಪ್ರೊಟೀನೇ ರಿಸೆಪ್ಟರ್. ಸ್ತನದ ಜೀವಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಇದೆ. ಅದನ್ನು ಇಆರ್ ಅನ್ನುತ್ತಾರೆ. ಪ್ರೊಜೆಸ್ಟರಾನ್ ಹಿಡಿಯುವುದು ಪಿಆರ್. ಮೂರನೆಯದು ಹರ್-2. ಇದು ಜೀವಕೋಶದ ಹೊರಮೈಯಲ್ಲಿ ನಿಂತು ಬೆಳವಣಿಗೆಯ ಸಂದೇಶವನ್ನು ಒಳಗೆ ಕಳಿಸುತ್ತದೆ.

ಕೋಲಾರದ ರೈತರಿಗೆ ಇದು ಬೋರ್‌ವೆಲ್ ಸ್ಟಾರ್ಟರ್ ಇದ್ದ ಹಾಗೆ. ಗುಂಡಿ ಒತ್ತುವ ಬೆರಳು ಹಾರ್ಮೋನ್, ಸ್ಟಾರ್ಟರ್ ರಿಸೆಪ್ಟರ್, ಕೆಳಗಿನ ಮೋಟಾರ್ ಜೀವಕೋಶದ ಬೆಳವಣಿಗೆ. ಮೋಟಾರ್ ನಿಲ್ಲಿಸಬೇಕಾದರೆ ಬೆರಳು ತೆಗೆಯಬಹುದು, ಗುಂಡಿಗೆ ಅಡ್ಡ ಏನಾದರೂ ಇಡಬಹುದು, ಸ್ಟಾರ್ಟರನ್ನೇ ಕಿತ್ತುಹಾಕಬಹುದು, ಇಲ್ಲ ಕೆಳಗೆ ಹೋಗುವ ಕೇಬಲ್ ಕತ್ತರಿಸಬಹುದು. ಇವತ್ತು ಇರುವ ಇಆರ್ ಔಷಧಿಗಳು ಹೆಚ್ಚುಕಡಿಮೆ ಈ ನಾಲ್ಕು ಗುಂಪಿಗೇ ಸೇರುತ್ತವೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಮುಟ್ಟು ನಿಂತ ಮಹಿಳೆಯರ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ನಿಲ್ಲಿಸುತ್ತವೆ. ಟ್ಯಾಮೊಕ್ಸಿಫೆನ್ ರಿಸೆಪ್ಟರ್‌ನಲ್ಲಿ ತಾನೇ ಹೋಗಿ ಕೂತು ಜಾಗ ಹಿಡಿಯುತ್ತದೆ. ಫುಲ್ವೆಸ್ಟ್ರಾಂಟ್ ಇಂಜೆಕ್ಷನ್ ರಿಸೆಪ್ಟರನ್ನೇ ನಾಶ ಮಾಡುತ್ತದೆ. ಪ್ಯಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್‌ನಂಥ ಮಾತ್ರೆಗಳು ರಿಸೆಪ್ಟರ್‌ನಿಂದ ಕೆಳಗೆ, ಜೀವಕೋಶ ಒಂದು ಎರಡಾಗುವ ಹಂತದಲ್ಲಿ ಅಡ್ಡ ಹಾಕುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇವುಗಳನ್ನು ಹಾರ್ಮೋನ್ ಚಿಕಿತ್ಸೆ ಅನ್ನುವುದರಿಂದ ಅನೇಕರು ಹಾರ್ಮೋನ್ ಕೊಡುತ್ತಾರೆ ಅಂದುಕೊಂಡು ಹೆದರುತ್ತಾರೆ. ನಡೆಯುವುದು ತದ್ವಿರುದ್ಧ: ಹಾರ್ಮೋನ್ ಗಡ್ಡೆಗೆ ಸಿಗದ ಹಾಗೆ ಮಾಡುತ್ತಾರೆ.

ಗ್ಲ್ಯಾಸ್ಗೋದಿಂದ ಬೆಂಗಳೂರಿನವರೆಗೆ

ಈ ವಿಚಾರ ಹೊಸದೇನಲ್ಲ. 1896ರಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಅಂಡಾಶಯ ತೆಗೆದರೆ ಕೆಲವು ಮಹಿಳೆಯರ ಸ್ತನದ ಗಡ್ಡೆ ಕುಗ್ಗುತ್ತದೆ ಎಂದು ವರದಿ ಮಾಡಿದ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಈಸ್ಟ್ರೋಜನ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ. ಅರುವತ್ತಕ್ಕೂ ಹೆಚ್ಚು ವರ್ಷಗಳ ನಂತರ ಶಿಕಾಗೋದಲ್ಲಿ ಎಲ್ವುಡ್ ಜೆನ್ಸನ್ ಈಸ್ಟ್ರೋಜನ್ ರಿಸೆಪ್ಟರ್ ಇರುವುದನ್ನು ತೋರಿಸಿದರು. ಆಗ ಕಾರಣ ತಿಳಿಯಿತು: ಯಾರ ಗಡ್ಡೆಯಲ್ಲಿ ರಿಸೆಪ್ಟರ್ ಇದೆಯೋ ಅವರಿಗೆ ಮಾತ್ರ ಈ ಉಪಾಯ ನಡೆಯುತ್ತದೆ.

ಟ್ಯಾಮೊಕ್ಸಿಫೆನ್ ಬಂದದ್ದು ಅಡ್ಡದಾರಿಯಲ್ಲಿ. 1962ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ ಅದನ್ನು ತಯಾರಿಸಿದಾಗ ಬೇಕಿದ್ದದ್ದು ಗರ್ಭನಿರೋಧಕ. ಅದಕ್ಕೆ ಅದು ಉಪಯೋಗಕ್ಕೆ ಬರಲಿಲ್ಲ. 1971ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಪ್ರಕಟವಾಯಿತು. 1977ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಆಮೇಲೆ ಸಾವಿರಾರು ಮಹಿಳೆಯರ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ, ಇಆರ್ ಪಾಸಿಟಿವ್ ಇರುವವರು 5 ವರ್ಷ ಟ್ಯಾಮೊಕ್ಸಿಫೆನ್ ತೆಗೆದುಕೊಂಡರೆ ಮುಂದಿನ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ ಎಂದು ಗೊತ್ತಾಯಿತು. ಇಷ್ಟು ಅಗ್ಗದ ಮಾತ್ರೆಯಿಂದ ಇಷ್ಟು ಜನ ಉಳಿದ ಉದಾಹರಣೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬೇರೆ ಸಿಗುವುದು ಕಷ್ಟ.

ಹರ್-2 ಕಥೆ ಇದಕ್ಕಿಂತ ಚಿಕ್ಕದು, ಆದರೆ ನಮಗೆ ಹತ್ತಿರದ್ದು. 1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲಾಮನ್ ತಂಡ, ಹರ್-2 ಜಾಸ್ತಿ ಇರುವ ಗಡ್ಡೆಗಳು ಬೇಗ ಮರುಕಳಿಸುತ್ತವೆ ಎಂದು ತೋರಿಸಿತು. ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ 1998ರಲ್ಲಿ ಬಂತು. ಬಹುಕಾಲ ಅದು ಶ್ರೀಮಂತರ ಔಷಧಿಯಾಗಿಯೇ ಇತ್ತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದಕ್ಕೆ ಸಮಾನವಾದ ಔಷಧಿಯನ್ನು ಭಾರತದ ಮಾರುಕಟ್ಟೆಗೆ ತಂದಿತು. ಆಮೇಲೆ ಬೇರೆ ಕಂಪನಿಗಳೂ ಬಂದವು, ಬೆಲೆ ಇಳಿಯಿತು. ಇವತ್ತು ಟ್ರಾಸ್ಟುಜುಮ್ಯಾಬ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ.

ಮೂರು ಸಾಲು ಹೇಳುವುದೇನು

ಗಡ್ಡೆಯಿಂದ ಚೂರು ತೆಗೆದು, ಮೇಣದ ಬ್ಲಾಕ್ ಮಾಡಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ನೋಡುವ ಪರೀಕ್ಷೆಗೆ ಐಎಚ್‌ಸಿ ಅನ್ನುತ್ತಾರೆ. ಅದರ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್-2 ಎಂದು ಮೂರು ಸಾಲು ಇರುತ್ತವೆ.

ನೂರರಲ್ಲಿ ಒಂದು ಜೀವಕೋಶಕ್ಕೆ ಬಣ್ಣ ಹಿಡಿದರೂ ಇಆರ್ ಪಾಸಿಟಿವ್. ಆದರೆ 1ರಿಂದ 10 ಶೇಕಡಾ ಇದ್ದರೆ "ಕಡಿಮೆ ಪಾಸಿಟಿವ್" ಎಂದು ಬರೆಯಬೇಕು, ಯಾಕೆಂದರೆ ಅವರಿಗೆ ಮಾತ್ರೆಯಿಂದ ಸಿಗುವ ಲಾಭ ಅಷ್ಟು ಖಚಿತವಲ್ಲ. ಹರ್-2ಗೆ ಸೊನ್ನೆ, 1+, 2+, 3+ ಎಂಬ ಅಂಕ. 3+ ಅಂದರೆ ಪಾಸಿಟಿವ್. 2+ ಅಂದರೆ ಅನುಮಾನ, ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು. ಸೊನ್ನೆ ಮತ್ತು 1+ ಎರಡನ್ನೂ ಇಷ್ಟು ದಿನ "ನೆಗೆಟಿವ್" ಎಂದು ಒಂದೇ ಬುಟ್ಟಿಗೆ ಹಾಕುತ್ತಿದ್ದರು.

ಗೊಂದಲ ಶುರುವಾದದ್ದೇ ಇಲ್ಲಿ. 2022ರಲ್ಲಿ ಡೆಸ್ಟಿನಿ-ಬ್ರೆಸ್ಟ್04 ಎಂಬ ಪ್ರಯೋಗದ ಫಲಿತಾಂಶ ಬಂತು. ಹರ್-2 ಅಂಕ 1+ ಇದ್ದವರು ಅಥವಾ 2+ ಇದ್ದು ಫಿಶ್ ನೆಗೆಟಿವ್ ಬಂದವರು, ಅದರಲ್ಲೂ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದವರು ಅದರಲ್ಲಿದ್ದರು. ಮೊದಲು ಹೇಳಿದ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಪಡೆದವರಲ್ಲಿ ರೋಗ ಹತೋಟಿಯಲ್ಲಿದ್ದ ಅವಧಿ ಸರಾಸರಿ 9.9 ತಿಂಗಳು, ಸಾಮಾನ್ಯ ಕೀಮೋ ಪಡೆದವರಲ್ಲಿ 5.1 ತಿಂಗಳು. ಆಯಸ್ಸು 23.4 ತಿಂಗಳು, ಇನ್ನೊಂದು ಕಡೆ 16.8. ಹೀಗೆ "ಹರ್-2 ಲೋ" ಎಂಬ ಹೊಸ ಗುಂಪು ಹುಟ್ಟಿಕೊಂಡಿತು. ಅದೇ ಬ್ಲಾಕ್, ಅದೇ ರೋಗಿ, ಆದರೆ ನಿನ್ನೆ ನೆಗೆಟಿವ್ ಆಗಿದ್ದವರು ಇವತ್ತು ಲೋ. ಪ್ರಯೋಗಾಲಯ ತಪ್ಪು ಮಾಡಿದೆ ಎಂದು ಬೈಯುವ ಮೊದಲು ಇದನ್ನು ತಿಳಿದುಕೊಂಡರೆ ಒಳ್ಳೆಯದು. ಜೊತೆಗೆ ಇನ್ನೊಂದು: ಈ ಲಾಭ ಕಂಡದ್ದು ರೋಗ ಹರಡಿದವರಲ್ಲಿ. ಮೊದಲ ಹಂತದಲ್ಲಿರುವ 1+ ರೋಗಿಗೆ ಈ ಸುದ್ದಿ ಅನ್ವಯಿಸುವುದಿಲ್ಲ.

ಬಾಟಲಿಯೊಳಗೆ ಕೈತಪ್ಪುವ ಚಿಕಿತ್ಸೆ

ಸುದ್ದಿಯಲ್ಲಿ ಬರದ, ಆದರೆ ಜಿಲ್ಲೆಯ ಮಟ್ಟದಲ್ಲಿ ಎಲ್ಲಕ್ಕಿಂತ ದೊಡ್ಡದಾದ ವಿಷಯ ಒಂದಿದೆ. ದೇಹದಿಂದ ತೆಗೆದ ಚೂರು ಪರೀಕ್ಷೆಯ ಟೇಬಲ್ ತಲುಪುವವರೆಗೆ ಅದಕ್ಕೆ ಏನಾಗುತ್ತದೆ?

ನಿಯಮ ಸರಳವಾಗಿದೆ. ತೆಗೆದ ಒಂದು ಗಂಟೆಯೊಳಗೆ ಚೂರು ಫಾರ್ಮಲಿನ್‌ಗೆ ಬೀಳಬೇಕು. ಅದೂ ಅಂಗಡಿಯ ಗಟ್ಟಿ ಫಾರ್ಮಲಿನ್ ಆಗಬಾರದು. ಬಫರ್ ಸೇರಿಸಿ 10 ಶೇಕಡಾಕ್ಕೆ ಇಳಿಸಿದ್ದು ಬೇಕು. ಕಡಿಮೆಯೆಂದರೆ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ಚೂರಿಗಿಂತ ದ್ರಾವಣ ಹಲವು ಪಟ್ಟು ಜಾಸ್ತಿ ಇರಬೇಕು. ಇಡೀ ಸ್ತನ ತೆಗೆದಿದ್ದರೆ ಗಡ್ಡೆಯನ್ನು ಸೀಳಿ ಇಡಬೇಕು, ಇಲ್ಲದಿದ್ದರೆ ಫಾರ್ಮಲಿನ್ ಒಳಗಿನವರೆಗೆ ಇಳಿಯುವ ಹೊತ್ತಿಗೆ ನಡುಭಾಗ ಕೊಳೆಯಲು ಶುರುವಾಗಿರುತ್ತದೆ.

ಶನಿವಾರ ಮಧ್ಯಾಹ್ನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಗಂಟು ತೆಗೆದರು ಅಂದುಕೊಳ್ಳಿ. ಬಾಟಲಿಯಲ್ಲಿ ಸಲೈನ್ ಇತ್ತು, ಫಾರ್ಮಲಿನ್ ಮುಗಿದಿತ್ತು. ಬಾಟಲಿ ಮನೆಯವರ ಕೈಗೆ ಬಂತು. ಭಾನುವಾರ ಲ್ಯಾಬ್ ಇಲ್ಲ. ಸೋಮವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದರು. ಅಷ್ಟು ಹೊತ್ತಿಗೆ ಆ ಚೂರಿನಲ್ಲಿದ್ದ ಇಆರ್ ಪ್ರೊಟೀನ್ ಕರಗಿರಬಹುದು. ಕ್ಯಾನ್ಸರ್ ಹೌದು ಎಂದು ಹೇಳುವಷ್ಟು ಆಕಾರ ಉಳಿದಿರುತ್ತದೆ, ಬಣ್ಣ ಮಾತ್ರ ಹಿಡಿಯುವುದಿಲ್ಲ. ರಿಪೋರ್ಟ್ "ಇಆರ್ ನೆಗೆಟಿವ್" ಎಂದು ಬರುತ್ತದೆ.

ಮುಂದಿನದೆಲ್ಲ ಆ ಒಂದು ಸಾಲಿನಿಂದ ನಡೆಯುತ್ತದೆ. ಟ್ಯಾಮೊಕ್ಸಿಫೆನ್ ಬರೆಯುವುದಿಲ್ಲ. ಕೀಮೋ ಜಾಸ್ತಿಯಾಗುತ್ತದೆ. ಖರ್ಚು ಏರುತ್ತದೆ. ಹಲವು ವರ್ಷಗಳ ನಂತರ ರೋಗ ಮರಳಿದರೆ, ಆಗ ಹೊಸ ಬಯಾಪ್ಸಿಯಲ್ಲಿ ಇಆರ್ ಪಾಸಿಟಿವ್ ಬಂದರೂ ಬರಬಹುದು. ರೋಗ ಬದಲಾಯಿತೋ ಮೊದಲ ರಿಪೋರ್ಟೇ ತಪ್ಪಿತ್ತೋ ಎಂದು ಆಮೇಲೆ ಹೇಳುವುದು ಕಷ್ಟ. ಭಾರತದಲ್ಲಿ ಮೂರೂ ನೆಗೆಟಿವ್ ಆಗಿರುವ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಜಾಸ್ತಿ ಎಂಬುದು ನಿಜ. ನಮ್ಮ ರೋಗಿಗಳ ವಯಸ್ಸು ಸುಮಾರು ಹತ್ತು ವರ್ಷ ಕಡಿಮೆ ಇರುವುದು ಅದಕ್ಕೆ ಒಂದು ಕಾರಣ. ಆದರೆ ಅದರಲ್ಲಿ ಒಂದು ಪಾಲು ಹೀಗೆ ಹಾಳಾದ ಚೂರುಗಳಿಂದ ಬಂದಿರಬಹುದು ಎಂಬ ಅನುಮಾನ ಪೆಥಾಲಜಿ ವೈದ್ಯರಲ್ಲಿ ಹಿಂದಿನಿಂದಲೂ ಇದೆ.

ಒಂದು ಬಾಟಲಿ ಬಫರ್ ಫಾರ್ಮಲಿನ್‌ಗೆ ತಗಲುವ ಖರ್ಚು ಎಷ್ಟು? ಊಟದ ಖರ್ಚಿನಷ್ಟೂ ಇಲ್ಲ. ಆದರೂ ಇದರ ಬಗ್ಗೆ ಯಾವ ಬಜೆಟ್ ಭಾಷಣದಲ್ಲೂ ಒಂದು ಸಾಲು ಇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು, ಬಯಾಪ್ಸಿ ಮಾಡದೆ ನೇರವಾಗಿ ಗಂಟು ತೆಗೆದುಬಿಡುವುದು. "ಸಣ್ಣ ಗಂಟು, ತೆಗೆದರೆ ಆಯ್ತು" ಅಂದರೆ ಮನೆಯವರಿಗೂ ಸಮಾಧಾನ. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸದಿದ್ದರೆ ಮೂರು ಸಾಲು ಎಂದಿಗೂ ಸಿಗುವುದಿಲ್ಲ. ಕಳಿಸಿದರೂ, ಆಪರೇಷನ್ ಹೇಗೆ ಆಗಬೇಕಿತ್ತು ಎಂದು ಯೋಚಿಸುವ ಅವಕಾಶ ಕೈತಪ್ಪಿರುತ್ತದೆ. ಸೂಜಿಯಲ್ಲಿ ಚೂರು ತೆಗೆದರೆ ರೋಗ ಹರಡುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ಹೆದರಿ ಬಯಾಪ್ಸಿ ತಪ್ಪಿಸಿಕೊಳ್ಳುವವರು ಕಳೆದುಕೊಳ್ಳುವುದು ಚಿಕಿತ್ಸೆಯ ದಿಕ್ಕನ್ನೇ.

ಮಾತ್ರೆಗೂ ಜಗ್ಗದ ಗಡ್ಡೆ

ಮೇಲಿನ ಸ್ಟಾರ್ಟರ್ ಕೆಲವೊಮ್ಮೆ ಆನ್ ಆಗಿಯೇ ಅಂಟಿಕೊಂಡುಬಿಡುತ್ತದೆ. ವರ್ಷಗಟ್ಟಲೆ ಲೆಟ್ರೊಜೋಲ್ ತೆಗೆದುಕೊಂಡವರ ಗಡ್ಡೆಯಲ್ಲಿ ಇಎಸ್‌ಆರ್1 ಎಂಬ ಜೀನ್ ಬದಲಾಗಿ, ಈಸ್ಟ್ರೋಜನ್ ಇಲ್ಲದೆಯೇ ರಿಸೆಪ್ಟರ್ ಸಂದೇಶ ಕಳಿಸಲು ಶುರುಮಾಡುತ್ತದೆ. ಆಗ ಈಸ್ಟ್ರೋಜನ್ ಎಷ್ಟು ಇಳಿಸಿದರೂ ಉಪಯೋಗವಿಲ್ಲ. ಹೊಸ ಸುದ್ದಿಗಳಲ್ಲಿ ಅನೇಕವು ಈ ಸಮಸ್ಯೆಯ ಸುತ್ತಲಿನವು. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಲಾಸೆಸ್ಟ್ರಾಂಟ್, ಇಂಥ ರಿಸೆಪ್ಟರನ್ನು ನಾಶ ಮಾಡುವ ಮೊದಲ ಬಾಯಿ ಮಾತ್ರೆ. ಅದಕ್ಕೆ ಮೊದಲು ಇದ್ದದ್ದು ಫುಲ್ವೆಸ್ಟ್ರಾಂಟ್ ಇಂಜೆಕ್ಷನ್ ಮಾತ್ರ.

2025ರಲ್ಲಿ ಬಂದ ಸೆರೆನಾ-6 ಎಂಬ ಪ್ರಯೋಗದ ಫಲಿತಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳೆದಿರುವುದು ಕಾಣುವ ಮೊದಲೇ, ರಕ್ತದಲ್ಲಿ ಈ ಜೀನ್ ಬದಲಾವಣೆ ಹುಡುಕಿ, ಸಿಕ್ಕ ಕೂಡಲೇ ಕಾಮಿಜೆಸ್ಟ್ರಾಂಟ್ ಎಂಬ ಮಾತ್ರೆಗೆ ಬದಲಾಯಿಸಿದರು. ರೋಗ ಹತೋಟಿಯಲ್ಲಿದ್ದ ಅವಧಿ 9.2 ತಿಂಗಳಿಂದ 16 ತಿಂಗಳಿಗೆ ಏರಿತು. ವೈದ್ಯರಲ್ಲೇ ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಒಂದು ಗುಂಪಿಗೆ ಇದು ರೋಗಕ್ಕಿಂತ ಮುಂದೆ ಓಡುವ ದಾರಿ. ಇನ್ನೊಂದು ಗುಂಪು ಕೇಳುತ್ತದೆ: ಔಷಧಿಯನ್ನು ಬೇಗ ಬದಲಾಯಿಸಿದರೆ ಒಟ್ಟು ಆಯಸ್ಸು ಹೆಚ್ಚುತ್ತದೆಯೋ, ಅಥವಾ ಮುಂದೆ ಕೊಡಬೇಕಿದ್ದದ್ದನ್ನು ಈಗಲೇ ಖರ್ಚು ಮಾಡಿದ ಹಾಗೆ ಆಗುತ್ತದೆಯೋ? ಆ ಫಲಿತಾಂಶದ ಹೊತ್ತಿಗೆ ಆಯಸ್ಸಿನ ಲೆಕ್ಕ ಇನ್ನೂ ಪೂರ್ತಿಯಾಗಿರಲಿಲ್ಲ. ಎರಡನೆಯ ಪ್ರಶ್ನೆ ಸಿನಿಕತನದ್ದಲ್ಲ, ಕೇಳಲೇಬೇಕಾದದ್ದು. ಯಾಕೆ ಅನ್ನುವುದಕ್ಕೆ ಒಂದು ಹಳೆಯ ಪ್ರಕರಣವಿದೆ.

ಗಡ್ಡೆ ನಿಧಾನವಾದರೆ ಆಯಸ್ಸು ಹೆಚ್ಚುತ್ತದೆಯೇ?

ಗಡ್ಡೆ ಬೆಳೆಯಲು ಹೊಸ ರಕ್ತನಾಳ ಬೇಕು. ರಕ್ತನಾಳ ಬೆಳೆಸುವ ಸಂದೇಶವನ್ನು ರಿಸೆಪ್ಟರ್ ತಲುಪದಂತೆ ತಡೆಯುವ ಔಷಧಿ ಬೆವಾಸಿಜುಮ್ಯಾಬ್. ಹರಡಿದ ಸ್ತನ ಕ್ಯಾನ್ಸರಿಗೆ ಇದನ್ನು ಕೊಟ್ಟಾಗ ರೋಗ ಹತೋಟಿಯಲ್ಲಿರುವ ಅವಧಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು, 5.9 ತಿಂಗಳಿಂದ 11.8 ತಿಂಗಳಿಗೆ. 2008ರಲ್ಲಿ ಅಮೆರಿಕ ಅವಸರದಲ್ಲಿ ಅನುಮತಿ ಕೊಟ್ಟಿತು. ಆಮೇಲೆ ಲೆಕ್ಕ ನೋಡಿದರೆ ಯಾರ ಆಯಸ್ಸೂ ಹೆಚ್ಚಿರಲಿಲ್ಲ. ಬಿಪಿ ಏರುವುದು, ರಕ್ತಸ್ರಾವ, ಕರುಳು ತೂತಾಗುವಂಥ ತೊಂದರೆ ಮಾತ್ರ ಹೆಚ್ಚಿತ್ತು. ರೋಗಿಗಳ ಪ್ರತಿಭಟನೆಯ ನಡುವೆಯೇ 2011ರ ನವೆಂಬರ್‌ನಲ್ಲಿ ಸ್ತನ ಕ್ಯಾನ್ಸರಿನ ಅನುಮತಿಯನ್ನು ವಾಪಸ್ ಪಡೆದರು.

ಲ್ಯಾಬ್ ಸುದ್ದಿಗಳಂತೂ ಇನ್ನೂ ಹಿಂದಿನ ಹಂತದವು. ಸ್ತನ ಕ್ಯಾನ್ಸರ್ ಸಂಶೋಧನೆಯ ದೊಡ್ಡ ಪಾಲು ಎಂಸಿಎಫ್-7 ಎಂಬ ಜೀವಕೋಶಗಳ ಮೇಲೆ ನಡೆಯುತ್ತದೆ. 1970ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ತೆಗೆದ ಆ ಜೀವಕೋಶಗಳು ಪ್ರಪಂಚದ ಸಾವಿರಾರು ಲ್ಯಾಬ್‌ಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ. ಗಾಜಿನ ತಟ್ಟೆಯಲ್ಲಿ ಅವುಗಳ ಓಟ ನಿಲ್ಲಿಸುವುದು ಕಷ್ಟವಲ್ಲ. ಇಲಿಯಲ್ಲಿ ಸ್ವಲ್ಪ ಕಷ್ಟ. ಮನುಷ್ಯರಲ್ಲಿ ಒಂದು ದಾರಿ ಮುಚ್ಚಿದರೆ ಗಡ್ಡೆ ಇನ್ನೊಂದು ದಾರಿ ಹುಡುಕುತ್ತದೆ. ಇನ್ಸುಲಿನ್ ಹೋಲುವ ಬೆಳವಣಿಗೆ ಅಂಶದ ರಿಸೆಪ್ಟರ್ ತಡೆಯುವ ಔಷಧಿಗಳು ಲ್ಯಾಬ್‌ನಲ್ಲಿ ಭಾರೀ ಭರವಸೆ ಹುಟ್ಟಿಸಿದ್ದವು. ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಸೋತವು. ಆದ್ದರಿಂದ ಸುದ್ದಿ ಓದುವಾಗ ಮೊದಲು ನೋಡಬೇಕಾದದ್ದು ಇಷ್ಟೇ: ಇದು ತಟ್ಟೆಯಲ್ಲಿ ಆದದ್ದೋ, ಇಲಿಯಲ್ಲೋ, ಮಹಿಳೆಯರಲ್ಲೋ? ಮಹಿಳೆಯರಲ್ಲಾದರೆ, ಆಯಸ್ಸು ಹೆಚ್ಚಿತೋ, ಸ್ಕ್ಯಾನ್ ಮಾತ್ರ ಚೆನ್ನಾಗಿ ಕಂಡಿತೋ?

ದುಡ್ಡು ಎಲ್ಲಿ ಹಾಕಬೇಕು ಎಂಬ ಜಗಳ

ಈ ವಿಷಯದಲ್ಲಿ ನಿಲುವುಗಳು ಮೂರು ಕಡೆ ಎಳೆಯುತ್ತವೆ.

ಹೊಸ ಔಷಧಿಗಳನ್ನು ಸರ್ಕಾರ ಅಗ್ಗ ಮಾಡಿ ಕೊಡಬೇಕು ಎನ್ನುವವರ ವಾದಕ್ಕೆ ಬಲವಿದೆ. ಹರಡಿದ ಇಆರ್ ಪಾಸಿಟಿವ್ ಕ್ಯಾನ್ಸರಿನಲ್ಲಿ ಲೆಟ್ರೊಜೋಲ್ ಜೊತೆ ರೈಬೊಸಿಕ್ಲಿಬ್ ಕೊಟ್ಟಾಗ ಆಯಸ್ಸು 51.4 ತಿಂಗಳಿಂದ 63.9 ತಿಂಗಳಿಗೆ ಏರಿತು. ಒಂದು ವರ್ಷ ಜಾಸ್ತಿ ಬದುಕುವುದು ಸಣ್ಣ ಮಾತಲ್ಲ. ಆದರೆ ಬೆಲೆ? 2022ರಲ್ಲಿ ಒಬ್ಬ ಮಹಿಳೆ ಈ ಔಷಧಿಗೆ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇದ್ದರೂ ಬೇರೆ ಕಂಪನಿ ತಯಾರಿಸಲು ಸರ್ಕಾರ ಕೊಡುವ ಅನುಮತಿ) ಕೊಡಬೇಕೆಂದು ಕೇರಳ ಹೈಕೋರ್ಟ್ ಮೆಟ್ಟಿಲೇರಿದಾಗ, ತಿಂಗಳಿಗೆ 58 ಸಾವಿರ ರೂಪಾಯಿಯ ಹತ್ತಿರ ತಗಲುತ್ತಿದೆ ಎಂದು ಹೇಳಿದ್ದರು. ತೀರ್ಪು ಬರುವ ಮೊದಲೇ ಅವರು ತೀರಿಕೊಂಡರು. ಕೋರ್ಟ್ ಪ್ರಕರಣವನ್ನು ತಾನಾಗಿಯೇ ಮುಂದುವರಿಸಿತು.

ಅದೇ ಗುಂಪಿನ ಪ್ಯಾಲ್ಬೊಸಿಕ್ಲಿಬ್ ಪೇಟೆಂಟ್ 2023ರ ಜನವರಿಯಲ್ಲಿ ಮುಗಿಯಿತು. ಭಾರತದ ಕಂಪನಿಗಳು ಸಾಲುಗಟ್ಟಿ ಬಂದವು, ಬೆಲೆ ಕುಸಿಯಿತು. ಪೇಟೆಂಟ್ ಮುಗಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಆದರೆ ಒಂದು ಕೊಕ್ಕೆ ಇದೆ: ಪ್ಯಾಲ್ಬೊಸಿಕ್ಲಿಬ್ ರೋಗವನ್ನು ಹತ್ತು ತಿಂಗಳು ಹೆಚ್ಚು ತಡೆದರೂ, ಅದನ್ನು ಮೊದಲ ಚಿಕಿತ್ಸೆಯಾಗಿ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಆಯಸ್ಸಿನಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಅಗ್ಗವಾದದ್ದು ಒಂದು, ಆಯಸ್ಸು ಕೊಟ್ಟದ್ದು ಇನ್ನೊಂದು. ವೈದ್ಯರು ಯಾಕೆ ಒಬ್ಬೊಬ್ಬರಿಗೆ ಒಂದೊಂದು ಬರೆಯುತ್ತಾರೆ ಎಂಬ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಇಲ್ಲೇ ಇದೆ.

ತೆರಿಗೆ ಇಳಿಸಿದರೆ ಸಾಕು ಎನ್ನುವ ವಾದ ನನಗೆ ದುರ್ಬಲವಾಗಿ ಕಾಣುತ್ತದೆ. ಡೆರಕ್ಸ್‌ಟೆಕಾನ್ ಮೇಲೆ ಇದ್ದ 10 ಶೇಕಡಾ ಸುಂಕ ಹೋಯಿತು, ಆಮೇಲೆ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಲಕ್ಷದ ಲೆಕ್ಕದಲ್ಲಿರುವ ಔಷಧಿಯಲ್ಲಿ ಇಷ್ಟು ಕಡಿತವಾದರೆ ಅದು ಲಕ್ಷದ ಹತ್ತಿರವೇ ಉಳಿಯುತ್ತದೆ. ಕೊಳ್ಳಲು ಆಗುತ್ತಿದ್ದವರಿಗೆ ಸ್ವಲ್ಪ ಉಳಿಯಿತು. ಆಗದವರಿಗೆ ಏನೂ ಬದಲಾಗಲಿಲ್ಲ.

ಸಾರ್ವಜನಿಕ ಆರೋಗ್ಯದವರ ನಿಲುವು ಬೇರೆ. 2022ರ ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ 1,92,020 ಹೊಸ ಸ್ತನ ಕ್ಯಾನ್ಸರ್ ಪ್ರಕರಣ, 98,337 ಸಾವು. ಹೊಸ ರೋಗಿಗಳ ಸಂಖ್ಯೆಯ ಅರ್ಧದಷ್ಟು ಸಾವು ಇರುವುದಕ್ಕೆ ಮುಖ್ಯ ಕಾರಣ ತಡವಾಗಿ ಪತ್ತೆಯಾಗುವುದು. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಹಿಂಬಾಲಿಸಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. ರೋಗ ಮುಂಚೆಯೇ ಸಿಕ್ಕಿತು. 50 ದಾಟಿದವರಲ್ಲಿ ಸಾವು ಸುಮಾರು 30 ಶೇಕಡಾ ಇಳಿಯಿತು, ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಮ್ಯಾಮೊಗ್ರಾಮ್ ಯಂತ್ರವಿಲ್ಲದೆ, ಆಮದು ಔಷಧಿ ಇಲ್ಲದೆ ಆದದ್ದು ಇದು. ಕೋಲಾರದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಮನೆ ಬಾಗಿಲಿಗೆ ಹೋಗುವುದರ ಹಿಂದಿನ ತರ್ಕವೂ ಇದೇ.

ನಡುವಿನ ದಾರಿ ಹಿಡಿದವರೂ ಇದ್ದಾರೆ. ಇರುವ ಔಷಧಿಯನ್ನೇ ಕಡಿಮೆ ಕೊಟ್ಟರೆ ಸಾಕಾಗುತ್ತದೆಯೇ ಎಂದು ನೋಡುವವರು. ಟ್ರಾಸ್ಟುಜುಮ್ಯಾಬನ್ನು ಮೂರು ವಾರಕ್ಕೊಮ್ಮೆ, ಒಂದು ವರ್ಷ ಕೊಡುವುದು ರೂಢಿ. ಅಂದರೆ 18 ಇಂಜೆಕ್ಷನ್. ಬ್ರಿಟನ್ನಿನ ಪರ್ಸೆಫೊನಿ ಪ್ರಯೋಗದಲ್ಲಿ 4 ಸಾವಿರ ಮಹಿಳೆಯರಲ್ಲಿ 6 ತಿಂಗಳ ಚಿಕಿತ್ಸೆ ಒಂದು ವರ್ಷದ್ದಕ್ಕಿಂತ ಕಳಪೆಯಲ್ಲ ಎಂದು 2019ರಲ್ಲಿ ಪ್ರಕಟವಾಯಿತು. ಫ್ರಾನ್ಸಿನ ಇನ್ನೊಂದು ಪ್ರಯೋಗ ಅದನ್ನು ಒಪ್ಪಲಿಲ್ಲ. ಹಾಗಾಗಿ ಒಂದು ವರ್ಷವೇ ಇವತ್ತಿಗೂ ರೂಢಿ. ಆದರೆ ಆರು ತಿಂಗಳಿಗೆ ದುಡ್ಡು ಹೊಂದಿಸಬಲ್ಲ, ಒಂದು ವರ್ಷಕ್ಕೆ ಆಗದ ಮನೆಗೆ "ಪೂರ್ತಿ ಇಲ್ಲದಿದ್ದರೆ ಬೇಡವೇ ಬೇಡ" ಅನ್ನುವುದು ಸರಿಯಲ್ಲ ಎಂದು ಈ ಫಲಿತಾಂಶ ಹೇಳುತ್ತದೆ.

ಚಿಕ್ಕ ವಯಸ್ಸಿನ ಇಆರ್ ಪಾಸಿಟಿವ್ ರೋಗಿಗಳಲ್ಲಿ ಅಂಡಾಶಯದ ಕೆಲಸ ನಿಲ್ಲಿಸಲು ತಿಂಗಳಿಗೊಂದು ಇಂಜೆಕ್ಷನ್ ಇದೆ. ಅದು ವರ್ಷಗಟ್ಟಲೆ ಬೇಕು. ಮಕ್ಕಳು ಸಾಕು ಎಂದಿರುವವರಿಗೆ ಬೀಟ್ಸನ್ 1896ರಲ್ಲಿ ವರದಿ ಮಾಡಿದ ಆಪರೇಷನ್ನನ್ನೇ ಇವತ್ತೂ ಮಾಡುತ್ತಾರೆ, ಈಗ ಲ್ಯಾಪ್ರೊಸ್ಕೋಪಿಯಲ್ಲಿ. ಒಂದೇ ಸಲದ ಖರ್ಚು.

ಮೂರೂ ಇಲ್ಲದವರಿಗೆ

ಇಆರ್, ಪಿಆರ್, ಹರ್-2 ಮೂರೂ ನಿಜವಾಗಿಯೇ ನೆಗೆಟಿವ್ ಆದರೆ ಮೇಲಿನ ಯಾವ ಮಾತ್ರೆಯೂ ಕೆಲಸ ಮಾಡುವುದಿಲ್ಲ. ಅವರಿಗೆ ಕೀಮೋ ಮುಖ್ಯ. 2021ರಿಂದ ಮೊದಲ ಹಂತಗಳಲ್ಲೂ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆ) ಬಳಕೆಗೆ ಬಂದಿದೆ, ಅದು ತುಂಬಾ ದುಬಾರಿ. ಇದಕ್ಕೆ ಟಾಟಾ ಸ್ಮಾರಕದವರು ಅಗ್ಗದ ದಾರಿಯೊಂದನ್ನು ತೋರಿಸಿದ್ದಾರೆ: ಹಳೆಯ ಕಾರ್ಬೊಪ್ಲಾಟಿನ್ ಔಷಧಿಯನ್ನು ಸಾಮಾನ್ಯ ಕೀಮೋ ಜೊತೆ ಸೇರಿಸಿದಾಗ 50 ವರ್ಷದೊಳಗಿನವರಿಗೆ ಲಾಭವಾಯಿತು. ಅಂಥ ಸುದ್ದಿ ವಾಟ್ಸಾಪ್‌ನಲ್ಲಿ ಓಡುವುದಿಲ್ಲ, ಮಾರಲು ಯಾವ ಕಂಪನಿಗೂ ಆಸಕ್ತಿಯಿಲ್ಲ ಅಲ್ವಾ.

ಮುಂದೆ ಏನಾಗಬಹುದು

ಮನೆ ಮನೆ ತಪಾಸಣೆ ಚೆನ್ನಾಗಿ ನಡೆದರೆ ಮೊದಲು ಆಗುವುದು ಗಂಟುಗಳ ಸಂಖ್ಯೆ ಹೆಚ್ಚುವುದು. ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೂ ಅನುಮಾನ ಬಂದವಕ್ಕೆಲ್ಲ ಬಯಾಪ್ಸಿ ಬೇಕು, ಕ್ಯಾನ್ಸರ್ ಬಂದವಕ್ಕೆಲ್ಲ ಐಎಚ್‌ಸಿ ಬೇಕು. ತಪಾಸಣೆ ವೇಗವಾಗಿ ಬೆಳೆದು ಪರೀಕ್ಷೆ ಅಲ್ಲೇ ನಿಂತರೆ, ಆಶಾ ಕಾರ್ಯಕರ್ತೆ ಮುಂಚೆಯೇ ಹುಡುಕಿದ ಗಂಟು ರಿಪೋರ್ಟಿಗಾಗಿ ವಾರಗಟ್ಟಲೆ ಕಾಯುತ್ತದೆ. ಉಳಿಸಿದ ಸಮಯ ಅಲ್ಲೇ ಕಳೆದುಹೋಗುತ್ತದೆ. ಟಮಕದಲ್ಲಿ ಮೆಡಿಕಲ್ ಕಾಲೇಜು ಇರುವುದು ಕೋಲಾರಕ್ಕೆ ಅನುಕೂಲ. ಪೆಥಾಲಜಿ ವಿಭಾಗವಿಲ್ಲದ ಊರುಗಳಿಗೆ ಹೋಲಿಸಿದರೆ ಇದು ದೊಡ್ಡ ವ್ಯತ್ಯಾಸ. ಆದರೆ ಚೂರು ಸರಿಯಾಗಿ ಇಡುವ ಕೆಲಸ ಶುರುವಾಗುವುದು ಶ್ರೀನಿವಾಸಪುರದಂಥ ತಾಲ್ಲೂಕು ಕೇಂದ್ರದ ಆಪರೇಷನ್ ಥಿಯೇಟರಿನಲ್ಲಿ.

ಡೇ ಕೇರ್ ಕೇಂದ್ರಗಳಿಂದ ಆಗುವ ಲಾಭ ಕೀಮೋಗಿಂತ ಟ್ರಾಸ್ಟುಜುಮ್ಯಾಬ್‌ಗೆ ಜಾಸ್ತಿ ಇರಬಹುದು ಎಂಬುದು ನನ್ನ ಲೆಕ್ಕ. 18 ಸಲ 70 ಕಿಲೋಮೀಟರ್ ಹತ್ತಿರ ಬೆಂಗಳೂರಿಗೆ ಹೋಗಿಬರುವುದೆಂದರೆ ರೋಗಿಯ ಕೂಲಿ, ಜೊತೆಗೆ ಬರುವವರ ಕೂಲಿ, ಹಸು ಕರೆಯುವವರು ಯಾರು ಎಂಬ ಚಿಂತೆ. ಅರ್ಧದಲ್ಲಿ ಬಿಡಲು ಅನೇಕರಿಗೆ ಇಷ್ಟೇ ಸಾಕು. ಚಿಕಿತ್ಸೆಯ ಯೋಜನೆಯನ್ನು ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆ ಬರೆದು, ಇಂಜೆಕ್ಷನ್ ಜಿಲ್ಲೆಯಲ್ಲೇ ಸಿಕ್ಕರೆ ಆ ಕಾರಣ ಇಲ್ಲವಾಗುತ್ತದೆ. ಆದರೆ ಟ್ರಾಸ್ಟುಜುಮ್ಯಾಬ್ ಹೃದಯವನ್ನು ದುರ್ಬಲ ಮಾಡಬಹುದು, ಸುಮಾರು ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಬೇಕು. ಎಕೋ ಜಿಲ್ಲೆಯಲ್ಲಿ ಸಿಗದಿದ್ದರೆ ಪ್ರಯಾಣ ಪೂರ್ತಿ ತಪ್ಪುವುದಿಲ್ಲ. ಹಣದ ವಿಷಯದಲ್ಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡಾ ಮಾತ್ರ. ಕಾರ್ಡಿನ ಬಣ್ಣ ಇಲ್ಲಿ ರಿಸೆಪ್ಟರ್‌ನಷ್ಟೇ ಮುಖ್ಯವಾಗಿಬಿಡುತ್ತದೆ.

ಕೊನೆಯದು, ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು: ಮಾತ್ರೆ ಬಿಡುವುದು. 5 ವರ್ಷ ದಿನಕ್ಕೊಂದು ಎಂದರೆ 1,800ಕ್ಕೂ ಹೆಚ್ಚು ಮಾತ್ರೆ. ಮೈ ಬಿಸಿಯೇರುವುದು, ಲೆಟ್ರೊಜೋಲ್ ಆದರೆ ಕೀಲು ನೋವು, ಮೂಳೆ ಸವೆತ. ಆಪರೇಷನ್ ಆಗಿ, "ಕರೆಂಟ್" (ರೇಡಿಯೇಷನ್) ಕೊಟ್ಟು ಮುಗಿದು, ಕೂದಲು ಮತ್ತೆ ಬೆಳೆದು, ಮನುಷ್ಯರು ಆರಾಮಾಗಿರುತ್ತಾರೆ. ಇನ್ನು ಮಾತ್ರೆ ಯಾಕೆ ಅನ್ನಿಸುವುದು ಸಹಜ. ಇಆರ್ ಪಾಸಿಟಿವ್ ಕ್ಯಾನ್ಸರಿನ ಸ್ವಭಾವವೇ ಬೇರೆ: 5 ವರ್ಷ ಚಿಕಿತ್ಸೆ ಮುಗಿಸಿದವರಲ್ಲೂ 20ನೇ ವರ್ಷದವರೆಗೆ ರೋಗ ಮರಳುವ ಅಪಾಯ ಒಂದೇ ಸಮನೆ ಇರುತ್ತದೆ ಎಂದು 2017ರ ದೊಡ್ಡ ವಿಶ್ಲೇಷಣೆ ತೋರಿಸಿದೆ. ಅದಕ್ಕೇ ಕೆಲವರಿಗೆ 10 ವರ್ಷ ಬರೆಯುತ್ತಾರೆ. ಟ್ಯಾಮೊಕ್ಸಿಫೆನ್‌ಗೆ ತನ್ನದೇ ಅಪಾಯಗಳಿವೆ. ಗರ್ಭಕೋಶದ ಒಳಪದರದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು, ಎರಡೂ ಅಪರೂಪ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಥವಾ ಒಂದು ಕಾಲು ಮಾತ್ರ ಊದಿಕೊಂಡರೆ ಕೂಡಲೇ ತೋರಿಸಬೇಕು.

ಕೋಲಾರದ ಮನೆ ಮನೆ ಭೇಟಿಯ ಪಟ್ಟಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾರಾ ಎಂದು ಕೇಳುವ ಹೊತ್ತಿಗೇ ಟ್ಯಾಮೊಕ್ಸಿಫೆನ್ ಅಥವಾ ಲೆಟ್ರೊಜೋಲ್ ಬಗ್ಗೆಯೂ ಒಂದು ಪ್ರಶ್ನೆ ಸೇರಿಸಬಹುದು. ಅದಕ್ಕೆ ಹೊಸ ಯಂತ್ರವೂ ಬೇಡ, ಆಮದೂ ಬೇಡ. ಆ ಮನೆಯಲ್ಲಿ ಹಳೆಯ ರಿಪೋರ್ಟ್ ಮತ್ತು ಬ್ಲಾಕ್ ನಂಬರ್ ಜೋಪಾನವಾಗಿದೆಯೇ ಎಂದೂ ಅದೇ ಭೇಟಿಯಲ್ಲಿ ಕೇಳಬಹುದು. ಮುಂದೆ ರೋಗ ಮರಳಿದರೆ, ಹರ್-2 ಲೋ ಎಂದು ಮತ್ತೆ ನೋಡಿಸಬೇಕಾದರೆ, ವೈದ್ಯರು ಮೊದಲು ಕೇಳುವುದು ಅದನ್ನೇ.